ಹೋಟೆಲ್ ಹಾಕೋಕೆ ಎಷ್ಟು ದುಡ್ಡು ಬೇಕು?

ವಾರಕ್ಕೊಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಗಲ್ಲಾದ ಹತ್ತಿರ ಬಂದು ದನಿ ಇಳಿಸುತ್ತಾರೆ. "ಅಣ್ಣಾ, ನಾನೂ ಒಂದು ಹೋಟೆಲ್ ಹಾಕೋಣ ಅಂತಿದ್ದೀನಿ. ಒಟ್ಟು ಎಷ್ಟು ಬೇಕಾಗುತ್ತೆ?" ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದ ಹುಡುಗರೇ ಜಾಸ್ತಿ. ನಾನೂ ಹಾಗೆ ಬಂದವನೇ.

ನಮ್ಮದು ಕಡೂರು. ಬಸ್‌ಸ್ಟ್ಯಾಂಡಿನಿಂದ ನಡೆದು ಬರುವಷ್ಟು ದೂರದಲ್ಲಿ, 24 ಜನ ಕೂರುವ ತಿಂಡಿ-ಊಟದ ಹೋಟೆಲ್. 2018ರಲ್ಲಿ ಶುರು ಮಾಡಿದಾಗ ಒಟ್ಟು 8.5 ಲಕ್ಷ ಹಾಕಿದೆ. ಇಷ್ಟು ಉತ್ತರ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಆ ಅಂಕಿಯೊಂದನ್ನೇ ನಂಬಿಕೊಂಡು ಹೊರಟ ನಾನು, ನಾಲ್ಕೇ ತಿಂಗಳಲ್ಲಿ ಅಕ್ಕಿ ಅಂಗಡಿಯವರ ಫೋನ್ ಬಂದರೆ ಎತ್ತದ ಸ್ಥಿತಿಗೆ ಬಂದಿದ್ದೆ. ಹಾಗಾಗಿ ಈಗ ಕೇಳಿದವರಿಗೆ ನಾನೇ ತಿರುಗಿ ಕೇಳುತ್ತೇನೆ: ಒಟ್ಟು ಎಷ್ಟು ಅನ್ನೋದು ಆಮೇಲಿರಲಿ, ದಿನಕ್ಕೆ ಎಷ್ಟು ಬೇಕು ಅಂತ ಲೆಕ್ಕ ಹಾಕಿದ್ದೀರಾ?

ನನ್ನ ಆಗಿನ ಲೆಕ್ಕ ಹೇಳುತ್ತೇನೆ. ಬಾಡಿಗೆ ತಿಂಗಳಿಗೆ 12,000, ಅಂದರೆ ದಿನಕ್ಕೆ 400. ಅಡುಗೆ ಭಟ್ಟರು, ದೋಸೆ ಹಾಕುವವನು, ಇಬ್ಬರು ಸಪ್ಲೈಯರ್, ಒಬ್ಬ ಕ್ಲೀನರ್, ಎಲ್ಲ ಸೇರಿ ಕೂಲಿ 2,750. ಗ್ಯಾಸ್ 900. ಮನೆಯ 14.2 ಕೆಜಿ ಸಿಲಿಂಡರ್ ಇಲ್ಲಿ ನಡೆಯಲ್ಲ, 19 ಕೆಜಿಯ ಕಮರ್ಷಿಯಲ್ ಸಿಲಿಂಡರೇ ಆಗಬೇಕು. ಕರೆಂಟು, ನೀರು 250. ಸಾಲದ ಕಂತು 370. ಪೇಪರ್, ಸೋಪು, ಒಡೆದ ಲೋಟ, ಇಂಥದ್ದಕ್ಕೆಲ್ಲ 200. ಒಟ್ಟು 4,870. ಬಾಗಿಲು ತೆಗೆದ ತಕ್ಷಣ, ಒಬ್ಬ ಗಿರಾಕಿಯೂ ಬರುವ ಮೊದಲೇ ಈ ದುಡ್ಡು ಹೋಗಿಬಿಟ್ಟಿರುತ್ತೆ.

ನೂರು ರೂಪಾಯಿ ವ್ಯಾಪಾರದಲ್ಲಿ ಅಕ್ಕಿ, ಬೇಳೆ, ಎಣ್ಣೆ, ತರಕಾರಿ, ಹಾಲಿಗೆ 40 ಹೋಗುತ್ತಿತ್ತು. ಉಳಿಯುವುದು 60. ಅದರಲ್ಲಿ 4,870 ಹುಟ್ಟಬೇಕಾದರೆ ಸುಮಾರು 8,100 ರೂಪಾಯಿ ವ್ಯಾಪಾರ ಆಗಬೇಕು. ನಮ್ಮಲ್ಲಿ ತಲೆಗೆ 35 ರೂಪಾಯಿ ಬಿಲ್ ಆಗುತ್ತಿತ್ತು. ಅಲ್ಲಿಗೆ ದಿನಕ್ಕೆ 232 ಜನ. ಮೊದಲ ತಿಂಗಳು ಬಂದವರು ಸರಾಸರಿ 110. ದಿನಕ್ಕೆ ಎರಡೂವರೆ ಸಾವಿರ ಕೈಯಿಂದ ಹೋಯಿತು. ತಿಂಗಳಿಗೆ ಮುಕ್ಕಾಲು ಲಕ್ಷ ದಾಟಿತು.

ಆ ಮುಕ್ಕಾಲು ಲಕ್ಷ ನನ್ನ ಹತ್ತಿರ ಇರಲಿಲ್ಲ. ಇದ್ದಿದ್ದು 40,000. ಮಿಕ್ಕಿದ್ದು ಎಲ್ಲಿ ಹೋಗಿತ್ತು ಅಂದರೆ, ತಲೆ ಎತ್ತಿ ನೋಡಿದರೆ ಕಾಣುತ್ತಿತ್ತು. ಫಾಲ್ಸ್ ಸೀಲಿಂಗ್. ಅದರೊಳಗೆ ಹಳದಿ ಲೈಟು, ಮುಂದುಗಡೆ ಗಾಜಿನ ಬಾಗಿಲು. ಎಲ್ಲ ಸೇರಿ ಎರಡೂಕಾಲು ಲಕ್ಷ. ಗಾಜಿನ ಬಾಗಿಲು ನೋಡಿ ಸಂತೆಗೆ ಬಂದ ರೈತರು "ಇದು ದುಬಾರಿ ಹೋಟ್ಲು" ಅಂತ ಹೊರಗಿನಿಂದಲೇ ಹೋಗುತ್ತಿದ್ದರು. ಆರು ತಿಂಗಳಾದ ಮೇಲೆ ಬಾಗಿಲು ಕಿತ್ತು ಹಾಕಿಸಿ, ದೋಸೆ ಕಾವಲಿಯನ್ನು ಒಳಗಿನಿಂದ ರಸ್ತೆಗೆ ಕಾಣುವ ಹಾಗೆ ಮುಂದಕ್ಕೆ ತಂದೆ. ಚುಂಯ್ ಅನ್ನುವ ಸದ್ದು, ತುಪ್ಪದ ವಾಸನೆ. ಅದಕ್ಕಿಂತ ಒಳ್ಳೆಯ ಬೋರ್ಡು ಇಲ್ಲ. ಗ್ರೈಂಡರು, ಇಡ್ಲಿ ಪೆಟ್ಟಿಗೆಗಳನ್ನು ಮುಚ್ಚಿದ ಹೋಟೆಲೊಂದರಿಂದ ಸೆಕೆಂಡ್‌ಹ್ಯಾಂಡ್ ತಂದಿದ್ದೆ. ನಾನು ಮಾಡಿದ ಬುದ್ಧಿವಂತಿಕೆ ಅದೊಂದೇ. ಮುಚ್ಚಿದ ಹೋಟೆಲಿನ ಸಾಮಾನು ಅಂತ ಅಮ್ಮ ಮೂಗು ಮುರಿದಿದ್ದರು.

ಹಾಗಾಗಿ ಕೈಯಲ್ಲಿರುವ ದುಡ್ಡಿನಲ್ಲಿ ಆರು ತಿಂಗಳ ನಷ್ಟ ಮೊದಲು ತೆಗೆದಿಡಿ. ಉಳಿದಿದ್ದರಲ್ಲಿ ಎಷ್ಟು ದೊಡ್ಡ ಹೋಟೆಲ್ ಆಗುತ್ತೋ ಅಷ್ಟೇ ದೊಡ್ಡದು ಮಾಡಿ. ನಾನು ಮಾಡಿದ್ದು ಇದರ ಉಲ್ಟಾ.

ಈಗ ದುಡ್ಡು ಎಲ್ಲಿಂದ ಅನ್ನೋದು. ನನ್ನ ಉಳಿತಾಯ ಎರಡೂವರೆ ಲಕ್ಷ, ಹೆಂಡತಿಯ ಒಡವೆ ಅಡ ಇಟ್ಟು ಒಂದು ಲಕ್ಷ, ಸಣ್ಣ ವ್ಯಾಪಾರಿಗಳಿಗೆ ಬ್ಯಾಂಕು ಕೊಡುವ ಮುದ್ರಾ ಸಾಲ 5 ಲಕ್ಷ. ಮುದ್ರಾದಲ್ಲಿ 50,000ದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ್, 10 ಲಕ್ಷದವರೆಗೆ ತರುಣ್. ಬ್ಯಾಂಕಿನವರು ಗಿರವಿ ಕೇಳಬಾರದು. ಓಡಾಟ ಮಾತ್ರ ತಪ್ಪಲ್ಲ, ನಾನು ಆರು ವಾರ ಓಡಾಡಿದೆ. ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ: "ದಿನಕ್ಕೆ ಎಷ್ಟು ಜನ ಬರ್ತಾರೆ?" ನಾನು ಧೈರ್ಯವಾಗಿ 300 ಅಂದೆ. ಸುಮ್ನೆ ಬಾಯಿಗೆ ಬಂದ ಅಂಕಿ ಅದು.

ಸಬ್ಸಿಡಿ ಬರುತ್ತಲ್ವಾ ಅಂತಲೂ ಕೇಳುತ್ತಾರೆ. ಬರುತ್ತೆ. ಹೊಸದಾಗಿ ಉದ್ಯೋಗ ಶುರು ಮಾಡುವವರಿಗೆ ಕೇಂದ್ರ ಸರ್ಕಾರದ ಪಿಎಂಇಜಿಪಿ ಯೋಜನೆಯಲ್ಲಿ, ಒಟ್ಟು ಖರ್ಚಿನ ಮೇಲೆ ಸಾಮಾನ್ಯ ವರ್ಗದವರಿಗೆ ಪಟ್ಟಣದಲ್ಲಿ ಶೇ. 15, ಹಳ್ಳಿಯಲ್ಲಿ ಶೇ. 25. ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರಿಗೆ ಇನ್ನೂ ಶೇ. 10 ಜಾಸ್ತಿ. ಆದರೆ ಆ ದುಡ್ಡು ನಿಮ್ಮ ಕೈಗೆ ಬರಲ್ಲ. ಬ್ಯಾಂಕಿನಲ್ಲೇ ಡಿಪಾಸಿಟ್ ಆಗಿ ಮೂರು ವರ್ಷ ಕೂತಿದ್ದು, ಆಮೇಲೆ ಸಾಲಕ್ಕೆ ಜಮಾ ಆಗುತ್ತೆ. ಸಬ್ಸಿಡಿ ದುಡ್ಡಲ್ಲಿ ಫ್ರಿಜ್ ತರ್ತೀನಿ ಅಂದುಕೊಂಡವರು ಫ್ರಿಜ್ ಇಲ್ಲದೆ ಉಳಿಯುತ್ತಾರೆ.

ನನ್ನನ್ನು ಉಳಿಸಿದ್ದು ಚೀಟಿ. ತಿಂಗಳಿಗೆ 10,000ದ ಹಾಗೆ 20 ತಿಂಗಳ 2 ಲಕ್ಷದ ಚೀಟಿ. ನಾಲ್ಕನೇ ತಿಂಗಳಲ್ಲಿ 50,000 ಬಿಟ್ಟು ಕೂಗಿ, ಒಂದೂವರೆ ಲಕ್ಷ ಎತ್ತಿದೆ. ಆ 50,000 ಈಗಲೂ ಹೊಟ್ಟೆ ಉರಿಸುತ್ತೆ. ಆದರೆ ಅವತ್ತು ಅಕ್ಕಿಯವರಿಗೆ ಬಾಕಿ ಕೊಟ್ಟೆ, ಭಟ್ಟರಿಗೆ ಕೂಲಿ ಕೊಟ್ಟೆ.

ಭಟ್ಟರ ವಿಷಯ ಬಂತಲ್ಲ, ಅಡ್ವಾನ್ಸ್ ಅನ್ನೋ ಖರ್ಚನ್ನು ಯಾರೂ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಬರೆಯಲ್ಲ. ಅಡ್ವಾನ್ಸ್ ಕೊಡದೆ ಭಟ್ಟರು ಬರಲ್ಲ. ನಾನು 30,000 ಕೊಟ್ಟವರು ಒಂದು ಶುಕ್ರವಾರ ಬೆಳಿಗ್ಗೆ ಬರಲೇ ಇಲ್ಲ. ಫೋನ್ ಸ್ವಿಚ್ ಆಫ್. ಹಿಂದೆಯೇ ದೋಸೆ ಹುಡುಗನೂ ಇಲ್ಲ, ಅವನು ಅವರ ಊರಿನವನೇ. ಡ್ರಮ್ಮಿನಲ್ಲಿ ಹಿಟ್ಟು ಹುಳಿ ಬಂದು ಮುಚ್ಚಳ ಎತ್ತುತ್ತಿತ್ತು. ಆರೂವರೆಗೆ ಮೊದಲ ಗಿರಾಕಿ ಬಂದು ಕೂತರು. ಕಾವಲಿಗೆ ನೀರು ಚಿಮುಕಿಸಿ, ಕಡ್ಡಿ ಪೊರಕೆಯಲ್ಲಿ ಗುಡಿಸಿ, ಅರ್ಧ ಈರುಳ್ಳಿ ಉಜ್ಜಿ, ನೋಡಿದ್ದನ್ನೆಲ್ಲ ಮಾಡಿದೆ. ಮೊದಲ ನಾಲ್ಕು ದೋಸೆ ಕಿತ್ತುಕೊಂಡು ಬಂದವು. ಐದನೆಯದು ಎದ್ದಿತು, ಕರ್ನಾಟಕದ ನಕ್ಷೆಯ ಹಾಗೆ. ಪುಣ್ಯಾತ್ಮರು ಸುಮ್ಮನೆ ತಿಂದು, "ಚಟ್ನಿ ಚೆನ್ನಾಗಿದೆ" ಅಂತ ಹೇಳಿ ಹೋದರು. ದೋಸೆ ಹಾಕೋಕೆ, ಸಾಂಬಾರಿನ ಹದ ಹಿಡಿಯೋಕೆ ಮಾಲೀಕನಿಗೇ ಬರಬೇಕು. ಇದರಲ್ಲಿ ನಾನು ಯಾರ ಮಾತೂ ಕೇಳಲ್ಲ. ಹೋಟೆಲ್ ಹಾಕುವ ಮೊದಲು ಮೂರು ತಿಂಗಳು ಬೇರೆಯವರ ಅಡುಗೆಮನೆಯಲ್ಲಿ ಕೆಲಸ ಮಾಡಿ.

ಸಾಲದ ಕಂತು ತಿಂಗಳಿಗೆ ಹತ್ತಿರ ಹತ್ತಿರ 11,000. ಹೋಟೆಲಿನ ದುಡ್ಡು ದಿನಾ ಬರುತ್ತೆ, ದಿನಾ ಹೋಗುತ್ತೆ. ತಿಂಗಳ ಕೊನೆಗೆ ಅಂತ ನಿಲ್ಲಲ್ಲ. ಇದಕ್ಕೆ ಪಿಗ್ಮಿಯೇ ಮದ್ದು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯಂತೆ ಮನೆಮನೆಗೆ ಬಂದು ಕಟ್ಟಿಸಿಕೊಳ್ಳಲು ಶುರು ಮಾಡಿದ್ದು. ಈಗ ಆ ಬ್ಯಾಂಕೇ ಕೆನರಾ ಬ್ಯಾಂಕಿನೊಳಗೆ ಸೇರಿಹೋಗಿದೆ, ಪಿಗ್ಮಿ ಉಳಿದಿದೆ. ಮಧ್ಯಾಹ್ನ ಮೂರಕ್ಕೆ ಸೊಸೈಟಿಯ ಪಿಗ್ಮಿಯವರು ಬರುತ್ತಾರೆ. ಮೊದಲ ದಿನದಿಂದ 400 ಕೊಟ್ಟೆ. ಬಡ್ಡಿ ಅಂತ ಹೇಳಿಕೊಳ್ಳುವಷ್ಟು ಬರಲ್ಲ. ಆದರೆ ತಿಂಗಳಿಗೆ 12,000 ಆಗುತ್ತೆ, ಕಂತು ತಪ್ಪಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಮಾತ್ರ ಕಂತು ಆರು ತಿಂಗಳು ಮುಂದಕ್ಕೆ ಹೋಯಿತು. ಅದಕ್ಕೂ ಬಡ್ಡಿ ಬೆಳೆಯಿತು ಬಿಡಿ.

ಕಾಗದಪತ್ರ ಅಷ್ಟು ಕಷ್ಟವಲ್ಲ. ಪುರಸಭೆಯ ಉದ್ದಿಮೆ ಪರವಾನಗಿ, ಆಹಾರ ಸುರಕ್ಷತೆಯ ಲೈಸೆನ್ಸ್. ಬಾಡಿಗೆ ಕರಾರು ಮಾತ್ರ 11 ತಿಂಗಳದ್ದು ಬೇಡ, ಐದು ವರ್ಷದ್ದು ಮಾಡಿಸಿ ರಿಜಿಸ್ಟರ್ ಮಾಡಿಸಿ. ವ್ಯಾಪಾರ ಕುದುರಿದ ಮೇಲೆ ಮಾಲೀಕರಿಗೂ ಹೋಟೆಲ್ ಆಸೆ ಹುಟ್ಟುತ್ತೆ.

ನಾನು ದಿನದ ಲೆಕ್ಕದಲ್ಲಿ ಮರೆತಿದ್ದು ಜಿಎಸ್‌ಟಿ. ದಿನಕ್ಕೆ 8,100 ಅಂದರೆ ವರ್ಷಕ್ಕೆ 29 ಲಕ್ಷ ದಾಟುತ್ತೆ. 20 ಲಕ್ಷ ದಾಟಿದರೆ ನೋಂದಣಿ ಆಗಲೇಬೇಕು. ಕಾಂಪೋಸಿಷನ್ ಅನ್ನೋ ಸಣ್ಣ ವ್ಯಾಪಾರಿಗಳ ಪದ್ಧತಿಯಲ್ಲಿ ಒಟ್ಟು ವ್ಯಾಪಾರದ ಶೇ. 5 ಕಟ್ಟಬೇಕು, ಬಿಲ್ಲಿನಲ್ಲಿ ಗಿರಾಕಿಯಿಂದ ಬೇರೆಯಾಗಿ ತೆಗೆದುಕೊಳ್ಳುವಂತಿಲ್ಲ. ಅಲ್ಲಿಗೆ 232 ಸಾಲದು, 253 ಜನ ಬೇಕು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೂ ನೋಟಿಸ್ ಬಂದಾಗ, ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಅಂತ ಎಷ್ಟೋ ಜನ ಬರೆದು ಹಾಕಿದರು. ಆ 21 ಜನರನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಂಡುಬಿಟ್ಟರೆ ನಿದ್ದೆ ಬರುತ್ತೆ.

ಹೋದ ತಿಂಗಳು ಪಂಚನಹಳ್ಳಿ ಕಡೆಯ ಹುಡುಗನೊಬ್ಬ ಬಂದಿದ್ದ. ಅದೇ ಪ್ರಶ್ನೆ. ಅಂಗಡಿ ನೋಡಿದ್ದಾನಂತೆ, ಎಂಟು ಟೇಬಲ್ ಹಾಕ್ತಾನಂತೆ. ಒಂದು ನೋಟ್‌ಬುಕ್ ಕೊಟ್ಟು, ಆ ಅಂಗಡಿ ಎದುರು ಮೂರು ದಿನ ಬೆಳಿಗ್ಗೆ ಕೂತು ತಲೆ ಎಣಿಸು ಅಂದೆ. ನಾಲ್ಕನೇ ದಿನ ಬಂದ.

"ಅಣ್ಣಾ, ಏಳರಿಂದ ಒಂಬತ್ತರೊಳಗೆ 140 ಜನ ಹೋದ್ರು. ಆದ್ರೆ ಎಲ್ಲರಿಗೂ ಬಸ್ಸಿನ ಅವಸರ. ಕೂತು ತಿನ್ನೋ ಪುರುಸೊತ್ತು ಯಾರಿಗೂ ಇಲ್ಲ."

"ಮತ್ತೆ ಎಂಟು ಟೇಬಲ್ ಯಾರಿಗಪ್ಪಾ?"

ಅವನು ನೋಟ್‌ಬುಕ್ ಮಡಚಿಕೊಂಡು ಹೋದ. ಈಗ ಬಸ್‌ಸ್ಟ್ಯಾಂಡ್ ಕಡೆಗೇ 4,000 ಬಾಡಿಗೆಯ ಸಣ್ಣ ಮಳಿಗೆ ನೋಡಿದ್ದಾನೆ. ನಿಂತು ತಿನ್ನುವ ತಟ್ಟೆ ಇಡ್ಲಿ, ಟೀ, ಅಷ್ಟೇ. ನನ್ನ ಹಳೇ ಇಡ್ಲಿ ಪೆಟ್ಟಿಗೆ ಕೊಡ್ತೀರಾ ಅಂತ ಕೇಳಿದ್ದಾನೆ. ಕೊಡಲೋ ಬೇಡವೋ ಅಂತ ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ.