ಕಾಲುವೆಯ ಹುಡುಗ ಕೊಳಕ್ಕಿಳಿಯುವ ಮುನ್ನ

ಬಳ್ಳಾರಿ, 18 ಜನವರಿ 2026, ಭಾನುವಾರ

ಅಕ್ಕನ ಮಗ ಸಂಜೆ ಬಂದವನು ಚಹಾ ಆರಿಹೋಗುವವರೆಗೂ ಒಂದೇ ಪ್ರಶ್ನೆ ಹಿಡಿದು ಕುಳಿತಿದ್ದ: "ಮಾಮಾ, ಹಿಂದಿನವರು ಈಜುತ್ತಾ ನನ್ನ ಮೇಲೆಯೇ ಬಂದರೆ ಏನು ಮಾಡಲಿ?" ಮುಂದಿನ ತಿಂಗಳು ಅವನ ಮೊದಲ ಟ್ರಯಥ್ಲಾನ್. ಈಜುಕೊಳದಲ್ಲಿ 400 ಮೀಟರ್, ಅನಂತರ 20 ಕಿ.ಮೀ. ಸೈಕಲ್, ಕೊನೆಗೆ 5 ಕಿ.ಮೀ. ಓಟ. ತುಂಗಭದ್ರಾ ಕೆಳಮಟ್ಟದ ಕಾಲುವೆಯಲ್ಲಿ (ಎಲ್‌ಎಲ್‌ಸಿ) ಈಜು ಕಲಿತ ಅವನಿಗೆ ನೀರಿನ ಭಯವಿಲ್ಲ. ಆದರೆ ಕಾಲುವೆಯಲ್ಲಿ ಹರಿವೇ ಮುಂದಕ್ಕೆ ಒಯ್ಯುತ್ತದೆ. 25 ಮೀಟರ್ ಕೊಳದಲ್ಲಿ ಹದಿನಾರು ಉದ್ದವನ್ನೂ ಸ್ವಂತ ಬಲದಿಂದ ಈಜಬೇಕು, ಅದೂ ತಲೆ ಮೇಲೆತ್ತಿ ಈಜುವ ರೂಢಿಯವನು. ಹಾಗೆ ಈಜಿದರೆ ಕಾಲು ಕೆಳಗಿಳಿದು ಕತ್ತು ಬೇಗ ಸೋಲುತ್ತದೆ.

ಕೊಳದ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಎಲ್ಲರನ್ನೂ ಒಟ್ಟಿಗೆ ಇಳಿಸುವುದಿಲ್ಲ. ನೋಂದಣಿಯಲ್ಲಿ ಬರೆದ ಈಜಿನ ಸಮಯದ ಪ್ರಕಾರ ಸಾಲು ಮಾಡಿ, ಕೆಲವು ಸೆಕೆಂಡುಗಳ ಅಂತರದಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ. ಆದ್ದರಿಂದ ಸಮಯವನ್ನು ಇದ್ದಂತೆಯೇ ಬರೆಯಬೇಕೆಂದು ಅವನಿಗೆ ಒತ್ತಿ ಹೇಳಿದೆ. ಹಿಂದಿನವರು ಪಾದ ಮುಟ್ಟಿದರೆ ದಾರಿ ಕೇಳುತ್ತಿದ್ದಾರೆಂದು ತಿಳಿದು, ಗೋಡೆ ತಲುಪಿದಾಗ ಮೂಲೆಗೆ ಸರಿದರಾಯಿತು. ದಣಿದರೆ ಲೇನಿನ ಹಗ್ಗ ಹಿಡಿದು ಸುಧಾರಿಸಿಕೊಳ್ಳಬಹುದು, ಹಗ್ಗ ಎಳೆದು ಮುಂದೆ ಸಾಗುವಂತಿಲ್ಲ. ಇದನ್ನು ಕೇಳಿ ಅವನ ಮುಖ ಸ್ವಲ್ಪ ತಿಳಿಯಾಯಿತು.

ನನಗೆ ಚಿಂತೆಯಿದ್ದದ್ದು ನೀರಿನಿಂದ ಮೇಲೆದ್ದ ಮೇಲಿನ ಹೊತ್ತಿನ ಬಗ್ಗೆ. ಹೆಲ್ಮೆಟ್ ಹಾಕಿ ಬಕಲ್ ಬಿಗಿಯುವವರೆಗೆ ಸ್ಟ್ಯಾಂಡಿನಿಂದ ಸೈಕಲ್ ತೆಗೆಯುವಂತಿಲ್ಲ, ಮರಳಿ ಬಂದು ಸೈಕಲ್ ನಿಲ್ಲಿಸುವವರೆಗೆ ಬಕಲ್ ಬಿಚ್ಚುವಂತಿಲ್ಲ. ನಲ್ಲಿಯ ಕೆಳಗೆ ಕೈ ಒದ್ದೆ ಮಾಡಿಸಿ ಹೆಲ್ಮೆಟ್ ತೊಡಿಸಿದೆ. ಬೆರಳು ಜಾರಿ ಜಾರಿ, ಗದ್ದದಡಿ ಬಕಲ್ ಕಿಟಕ್ಕೆಂದು ಕೂರಲು ಬಹಳ ಹೊತ್ತು ಹಿಡಿಯಿತು. ಸ್ಪರ್ಧೆಯ ದಿನ ಏದುಸಿರು ಬಿಡುತ್ತಾ ಇದನ್ನೇ ಮಾಡಬೇಕು. ಸೈಕಲ್ ಇಳಿದು ಓಡತೊಡಗಿದಾಗ ತೊಡೆಗಳು ಮರದಂತೆ ಬಿಗಿದಿರುತ್ತವೆ, ಮೊದಲ ಕಿಲೋಮೀಟರ್ ನಿಧಾನವಾಗಿರಲಿ ಎಂದೂ ಹೇಳಿ ಕಳಿಸಿದೆ.

ಅವನು ಹೋದ ಮೇಲೆ ಅಕ್ಕನ ಫೋನ್ ಬಂತು. ನೀರಿನಲ್ಲಿ ಏನೂ ಆಗುವುದಿಲ್ಲ ತಾನೇ ಎಂದಳು. ಕೊಳದ ಅಂಚಿನಲ್ಲಿ ಜೀವರಕ್ಷಕರು ಇರುತ್ತಾರೆ ಎಂದೆ, ಅವಳಿಗೆ ಸಮಾಧಾನವಾಯಿತು. ಆದರೆ ಅವನು ಸೈಕಲ್ ಅಭ್ಯಾಸಕ್ಕೆಂದು ದಿನವೂ ಕತ್ತಲಿರುವಾಗಲೇ ಅದಿರು ಲಾರಿಗಳ ನಡುವೆ ಹೊಸಪೇಟೆ ರಸ್ತೆ ಹಿಡಿಯುವುದು ಅವಳಿಗಿನ್ನೂ ಗೊತ್ತಿಲ್ಲ. ನಾಳೆಯಿಂದ ಬೆಳಕು ಹರಿದ ಮೇಲೆ ನಾನೂ ಬೈಕಿನಲ್ಲಿ ಅವನ ಹಿಂದೆ ಹೋಗೋಣವೆಂದರೆ, ಒಂಬತ್ತಕ್ಕೆಲ್ಲ ಬಿಸಿಲು ಏರುತ್ತದೆ, ಮೋಕಾ ರಸ್ತೆಯಾದರೂ ಸ್ವಲ್ಪ...