ರಕ್ತಪರೀಕ್ಷೆ ಸರಿಯಿದ್ದರೂ ಪಿಎಂಎಸ್ ಏಕೆ?

ಮುಟ್ಟಿಗೆ ಮುಂಚಿನ ವಾರದಲ್ಲಿ ನನ್ನ ಉಂಗುರ ಬೆರಳಿಗೆ ಬಿಗಿಯಾಗುತ್ತದೆ, ಎದೆ ಭಾರವಾಗಿ ನೋಯುತ್ತದೆ, ಊಟಕ್ಕೆ ಕರೆದವರ ಮೇಲೂ ಸಿಡುಕುವಂತಾಗುತ್ತದೆ. ಹೇಳಿಕೊಂಡರೆ ‘ಹಾರ್ಮೋನು ಏರುಪೇರಾಗಿರಬೇಕು’ ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. ಆದರೆ ಪಿಎಂಎಸ್, ಅಂದರೆ ಮುಟ್ಟಿಗೆ ಮುಂಚೆ ಕಾಡುವ ಇಂಥ ಲಕ್ಷಣಗಳ ಗುಂಪು, ಇರುವ ಮತ್ತು ಇಲ್ಲದ ಹೆಂಗಸರ ರಕ್ತದಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಅಂಡಾಶಯದ ಹಾರ್ಮೋನುಗಳ ಪ್ರಮಾಣ ಸಾಮಾನ್ಯವಾಗಿ ಒಂದೇ ತೆರನಾಗಿರುತ್ತದೆ. ವ್ಯತ್ಯಾಸವಿರುವುದು ಅವುಗಳ ಏರಿಳಿತಕ್ಕೆ ಮಿದುಳು ಸ್ಪಂದಿಸುವ ರೀತಿಯಲ್ಲಿ.

ಅಂಡಾಶಯದಿಂದ ಅಂಡಾಣು ಹೊರಬಂದ ಮೇಲೆ, ಅದು ಬಿಟ್ಟುಹೋದ ಪುಟ್ಟ ಚೀಲವು ಕಾರ್ಪಸ್ ಲೂಟಿಯಂ ಎಂಬ ತಾತ್ಕಾಲಿಕ ಗ್ರಂಥಿಯಾಗಿ ಮಾರ್ಪಟ್ಟು ಪ್ರೊಜೆಸ್ಟರಾನನ್ನು ಹೇರಳವಾಗಿ ಸ್ರವಿಸುತ್ತದೆ. ಗರ್ಭ ನಿಲ್ಲದಿದ್ದರೆ ಸುಮಾರು 14 ದಿನಗಳಲ್ಲಿ ಅದು ಮುದುಡಿ, ಪ್ರೊಜೆಸ್ಟರಾನ್ ಮತ್ತು ಈಸ್ಟ್ರೋಜನ್ ಎರಡೂ ಇಳಿದು ಮುಟ್ಟಾಗುತ್ತದೆ. ತೊಂದರೆಗಳೆಲ್ಲ ಈ ಅವಧಿಯವು. ಅಂಡಾಶಯವನ್ನು ಉಳಿಸಿ ಗರ್ಭಕೋಶವನ್ನಷ್ಟೇ ತೆಗೆಸಿಕೊಂಡವರಲ್ಲಿ, ಸ್ರಾವವೇ ಇಲ್ಲದಿದ್ದರೂ, ತಿಂಗಳಿಗೊಮ್ಮೆ ಇದೇ ಲಕ್ಷಣಗಳು ಮರುಕಳಿಸಬಹುದು. ಮುಟ್ಟಿನ ಹೊಟ್ಟೆನೋವಿನ ಕಥೆ ಬೇರೆ; ಅದಕ್ಕೆ ಗರ್ಭಕೋಶವನ್ನು ಹಿಂಡುವ ಪ್ರೊಸ್ಟಗ್ಲಾಂಡಿನ್‌ಗಳು ಕಾರಣ.

ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಪೀಟರ್ ಶ್ಮಿಟ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಅತ್ಯಂತ ಮನವರಿಕೆಯಾದದ್ದು. ಔಷಧಿಯಿಂದ ಅಂಡಾಶಯದ ಕೆಲಸವನ್ನು ತಡೆದಾಗ ಪಿಎಂಎಸ್ ಇದ್ದ ಹಲವರಲ್ಲಿ ಲಕ್ಷಣಗಳು ತಗ್ಗಿದವು. ಹಾಗೆ ಗುಣ ಕಂಡವರಿಗೆ ಈಸ್ಟ್ರೋಜನ್ ಅಥವಾ ಪ್ರೊಜೆಸ್ಟರಾನನ್ನು ಮರಳಿ ಕೊಟ್ಟಾಗ ಬೇಸರ, ಸಿಡುಕು ಮತ್ತೆ ಬಂದವು. ಅದೇ ಹಾರ್ಮೋನನ್ನು ಪಿಎಂಎಸ್ ಇಲ್ಲದವರಿಗೆ ಕೊಟ್ಟಾಗ ಅವರ ಮನಃಸ್ಥಿತಿಯಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಅದೇ ತಂಡದ ಮುಂದಿನ ಅಧ್ಯಯನದಲ್ಲಿ, ಹಾರ್ಮೋನನ್ನು ಒಂದೇ ಮಟ್ಟದಲ್ಲಿ ತಿಂಗಳುಗಟ್ಟಲೆ ಕೊಟ್ಟಾಗ ಮೊದಲ ತಿಂಗಳು ಕಾಣಿಸಿಕೊಂಡ ಲಕ್ಷಣಗಳು ಆಮೇಲೆ ತಣ್ಣಗಾದವು. ಅಂದರೆ ಕಾಡುವುದು ಹಾರ್ಮೋನಿನ ಮಟ್ಟವಲ್ಲ, ಅದು ಬದಲಾಗುವ ಗಳಿಗೆ.

ಮಿದುಳಿನಲ್ಲಿ ಪ್ರೊಜೆಸ್ಟರಾನ್ ಒಡೆದು ಅಲೋಪ್ರೆಗ್ನನೊಲೋನ್ ಎಂಬ ವಸ್ತುವಾಗುತ್ತದೆ. ಇದು ನರಗಳ ಉದ್ರೇಕವನ್ನು ತಗ್ಗಿಸುವ ಗಾಬಾ ಗ್ರಾಹಕಗಳ ಮೇಲೆ ಕೆಲಸ ಮಾಡುವುದರಿಂದ ಸಾಮಾನ್ಯವಾಗಿ ನೆಮ್ಮದಿ ತರಬೇಕು. ಆದರೆ ಕೆಲವರಲ್ಲಿ ಈ ಗ್ರಾಹಕಗಳು ಏರಿಳಿತಕ್ಕೆ ಸರಿಯಾಗಿ ಹೊಂದಿಕೊಳ್ಳದೆ, ನೆಮ್ಮದಿಯ ಬದಲು ಆತಂಕವೂ ಕಿರಿಕಿರಿಯೂ ಹೆಚ್ಚುತ್ತವೆ. ಮನಃಸ್ಥಿತಿಯ ಮೇಲೆ ಪ್ರಭಾವ ಬೀರುವ ಮಿದುಳಿನ ರಾಸಾಯನಿಕ ಸೆರೊಟೋನಿನ್‌ಗೂ ಇದರಲ್ಲಿ ಪಾಲಿದೆ. ಅದನ್ನು ಹೆಚ್ಚಿಸುವ ಮಾತ್ರೆಗಳು ಖಿನ್ನತೆಯಲ್ಲಿ ಫಲ ಕೊಡಲು ವಾರಗಳೇ ಬೇಕು, ಪಿಎಂಎಸ್‌ನಲ್ಲಿ ಕೆಲವೇ ದಿನಗಳು ಸಾಕು. ಹೀಗಾಗಿಯೇ ತೀವ್ರ ಸ್ವರೂಪದಲ್ಲಿ ವೈದ್ಯರು ಅವನ್ನು ಋತುಚಕ್ರದ ಎರಡನೆಯ ಅರ್ಧದಲ್ಲಿ ಮಾತ್ರ ಕೊಡುವುದೂ ಉಂಟು.

ಎದೆನೋವಿಗೆ ಸ್ತನದ ಅಂಗಾಂಶ ಇದೇ ಹಾರ್ಮೋನುಗಳಿಗೆ ಸ್ಪಂದಿಸುವುದು ಕಾರಣ; ಪ್ರೊಜೆಸ್ಟರಾನ್ ಕರುಳಿನ ಚಲನೆಯನ್ನು ನಿಧಾನಗೊಳಿಸುವುದರಿಂದ ಹೊಟ್ಟೆಯುಬ್ಬರ ಬರುತ್ತದೆ.

ಪಿಎಂಎಸ್ ಅನ್ನು ತೋರಿಸಿಕೊಡುವ ರಕ್ತಪರೀಕ್ಷೆಯೇ ಇಲ್ಲ. ಥೈರಾಯ್ಡ್, ರಕ್ತಹೀನತೆಗಳನ್ನು ತಳ್ಳಿಹಾಕಲು ಮಾತ್ರ ರಕ್ತಪರೀಕ್ಷೆ ಉಪಯುಕ್ತ. ಪಿಎಂಎಸ್ ಗುರುತಿಸಲು ಕನಿಷ್ಠ ಎರಡು ಋತುಚಕ್ರಗಳ ಕಾಲ ದಿನವೂ ಲಕ್ಷಣಗಳನ್ನು ಬರೆದಿಡಬೇಕಾಗುತ್ತದೆ. ಮುಟ್ಟು ಶುರುವಾದ ಕೆಲವು ದಿನಗಳಲ್ಲಿ ಅವು ಮಾಯವಾಗಿ, ಮುಂದಿನ ಅಂಡೋತ್ಪತ್ತಿಯವರೆಗೆ ಬಿಡುವು ಸಿಕ್ಕರೆ ಅದು ಪಿಎಂಎಸ್. ತಿಂಗಳಿಡೀ ಹಾಗೆಯೇ ಇದ್ದರೆ ವೈದ್ಯರು ಬೇರೆ ಕಾರಣವನ್ನು ಹುಡುಕುತ್ತಾರೆ.