ಕ್ರಿಪ್ಟ್ ಸಿಮ್ಯುಲೇಶನ್ ಅಪ್ಡೇಟ್: ಈ ಸಲ ಒಂದು ಕೆಟ್ಟ ಸೆಲ್ ಬಿಟ್ಟು ನೋಡಿದೆ

ಕರುಳಿನ ಸೆಲ್‌ಗಳು ಹೇಗೆ ಬದಲಾಗ್ತವೆ ಅಂತ ನೋಡೋಕೆ ಬರೆದಿರೋ ನನ್ನ ಕೋಡಲ್ಲಿ ಇಷ್ಟು ದಿನ ಬರೀ ಸೆಲ್‌ಗಳ ರಿಂಗ್ ಓಡ್ತಿತ್ತು, ಈಗ ಅದಕ್ಕೆ ಮ್ಯುಟೇಶನ್ನೂ (ಜೀನ್ ಕೆಡೋದು) ಸೇರಿಸಿದೀನಿ. ಹೊಸದಾಗಿ ಓದ್ತಿರೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ, ಕರುಳಿನ ಒಳಪದರ ಹೆಚ್ಚುಕಮ್ಮಿ 4-5 ದಿನಕ್ಕೊಂದ್ಸಲ ಹೊಸದಾಗುತ್ತೆ, ಕ್ರಿಪ್ಟ್ ಅನ್ನೋ ಸಣ್ಣ ಸಣ್ಣ ಗುಂಡಿಗಳ ತಳದಲ್ಲಿ ಹೊಸ ಸೆಲ್ ಹುಟ್ಟಿಸೋ ಸ್ಟೆಮ್ ಸೆಲ್‌ಗಳು ಕೂತಿರ್ತವೆ, ಅಲ್ಲಿ ಹುಟ್ಟಿದ ಸೆಲ್ ಮೇಲಕ್ಕೆ ಸರೀತಾ ಹೋಗಿ ಕೊನೆಗೆ ಉದುರಿ ಹೋಗುತ್ತೆ. ಎಲ್‌ಜಿಆರ್5 ಅನ್ನೋ ಗುರುತು ಹಿಡಿದು ಈ ಸ್ಟೆಮ್ ಸೆಲ್‌ಗಳನ್ನ ತೋರಿಸಿದ್ದು 2007ರಲ್ಲಿ, ನೆದರ್ಲೆಂಡ್ಸ್‌ನ ಹಾನ್ಸ್ ಕ್ಲೆವರ್ಸ್ ಅವರ ಲ್ಯಾಬ್.

ನನ್ನ ಪೈಥಾನ್ ಕೋಡಲ್ಲಿ 16 ಸೆಲ್‌ಗಳ ಒಂದು ರಿಂಗ್, ಒಂದೊಂದಕ್ಕೂ ಬೇರೆ ಬಣ್ಣ. ಪ್ರತಿ ಸ್ಟೆಪ್ಪಲ್ಲೂ ಯಾವುದೋ ಒಂದು ಎರಡಾಗಿ ಪಕ್ಕದ್ದನ್ನ ಮೇಲಕ್ಕೆ ತಳ್ಳುತ್ತೆ, ಥೇಟ್ ಮ್ಯೂಸಿಕಲ್ ಚೇರ್. ಯಾರಿಗೂ ಹೆಚ್ಚಿನ ಬಲ ಇಲ್ಲ, ಆದ್ರೂ ಓಡಿಸ್ತಾ ಹೋದ್ರೆ ಕೊನೆಗೆ ಇಡೀ ರಿಂಗ್ ಒಂದೇ ಬಣ್ಣ. ಇಲಿ ಕರುಳಲ್ಲೂ ಹೀಗೇ ಆಗುತ್ತೆ ಅಂತ 2010ರಲ್ಲೇ ಸೆಲ್‌ಗಳಿಗೆ ಬಣ್ಣ ಕೊಟ್ಟು ತೋರಿಸಿದಾರೆ.

ಈಗ ಮಜಾ ಇರೋ ಭಾಗ. ದೊಡ್ಡ ಕರುಳಿನ ಕ್ಯಾನ್ಸರಲ್ಲಿ ಬಹಳಷ್ಟು ಶುರುವಾಗೋದು ಎಪಿಸಿ ಜೀನ್ ಕೆಟ್ಟಾಗ, ಅದು ಕೆಟ್ರೆ ಸೆಲ್‌ಗೆ ಬೆಳಿ ಅಂತ ಹೇಳೋ ವಿಂಟ್ ಸಿಗ್ನಲ್‌ಗೆ ಬ್ರೇಕ್ ಇರಲ್ಲ, ಸೆಲ್ ಬೆಳೀತಾನೇ ಇರುತ್ತೆ. ಹಾಗಾಗಿ ರಿಂಗಲ್ಲಿ ಇಂಥ ಕೆಟ್ಟ ಸೆಲ್ ಅಂತ ಒಂದೇ ಒಂದು ಕೆಂಪು ಸೆಲ್ ಹಾಕಿ, ಪಕ್ಕದವರ ಜೊತೆ ಜಗಳದಲ್ಲಿ ಅದಕ್ಕೆ 60-40 ಅನುಕೂಲ ಕೊಟ್ಟೆ. ಇಷ್ಟು ಬಲ ಇದ್ರೂ ಮೂರರಲ್ಲಿ ಎರಡು ಸಲ ಕೆಂಪೇ ಮಾಯ! ಕಾಗದದ ಮೇಲೆ ಲೆಕ್ಕ ಹಾಕಿದ್ರೂ ಅಷ್ಟೇ ಬರುತ್ತೆ, ಗೆಲ್ಲೋ ಸಾಧ್ಯತೆ 1/3 ಹತ್ರ. ಮೊದಮೊದಲು ಸಂಖ್ಯೆ ಕಮ್ಮಿ ಇದ್ದಾಗ್ಲೇ ಪಕ್ಕದ ಒಳ್ಳೆ ಸೆಲ್ ಅದನ್ನ ಎತ್ತಿ ಆಚೆ ಹಾಕ್ಬಿಡುತ್ತೆ, ಅಂದ್ರೆ ಈ ಹೊಸದಾಗೋ ಕೆಲಸ ಕ್ಯಾನ್ಸರಿಗೆ ದಾರಿ ಮಾಡೋದಷ್ಟೇ ಅಲ್ಲ, ಗುಡಿಸಿ ಹಾಕೋದೂ ಅದೇ.

ಕೆಂಪು ಸೆಲ್ಲನ್ನ ತಳ ಬಿಟ್ಟು ಮೇಲೆ ಇಟ್ರಂತೂ ನನ್ನ ಕೋಡಲ್ಲಿ ಯಾವಾಗ್ಲೂ ಕೊಚ್ಕೊಂಡು ಹೋಗುತ್ತೆ. ನಿಜವಾದ ಕರುಳು ಇಷ್ಟು ಕಟ್ಟುನಿಟ್ಟಲ್ಲ, 2009ರ ಇಲಿ ಪ್ರಯೋಗದಲ್ಲಿ ಸ್ಟೆಮ್ ಸೆಲ್ಲಲ್ಲಿ ಎಪಿಸಿ ತೆಗೆದಾಗ ಕೆಲವೇ ವಾರದಲ್ಲಿ ಗಡ್ಡೆ ಬಂತು, ಮೇಲಿನ ಸೆಲ್‌ಗಳಲ್ಲಿ ತೆಗೆದಾಗ ಸಣ್ಣ ಗಂಟುಗಳಾಗಿ ಹೆಚ್ಚಿನವು ಅಲ್ಲೇ ನಿಂತ್ವು.

ಮುಂದೆ ಕ್ರಿಪ್ಟೇ ಎರಡಾಗಿ ಸೀಳೋದನ್ನ ಸೇರಿಸ್ಬೇಕು, ಗೆದ್ದ ಕೆಂಪು ಒಂದು ಗುಂಡಿಯಿಂದ ಪಾಲಿಪ್ (ಕರುಳಿನ ಒಳಗೋಡೆಯ ಗಂಟು) ಆಗೋದು ಆ ದಾರೀಲೇ. ಅದಕ್ಕೆ ರಿಂಗ್ ಸಾಲಲ್ಲ, ಗ್ರಿಡ್ ಬೇಕು, ನನ್ನ ಹಳೇ ಲ್ಯಾಪ್‌ಟಾಪ್ ಈಗ್ಲೇ ಫ್ಯಾನ್ ಸೌಂಡ್ ಮಾಡ್ತಿದೆ. ನಂಪೈ (ಪೈಥಾನಲ್ಲಿ ಲೆಕ್ಕ ಬೇಗ ಮಾಡೋ ಲೈಬ್ರರಿ) ಗೊತ್ತಿರೋರು ಯಾರಾದ್ರೂ ಈ ಲೂಪ್ ಸ್ಪೀಡ್ ಮಾಡೋದು ಹೇಗೆ ಅಂತ ಹೇಳ್ರಪ್ಪ.